ಎಚ್‌ಡಿಆರ್ ಆನ್ ಇಡಬೇಕಾ, ಆಫ್ ಇಡಬೇಕಾ? ಬೇಲೂರಿನ ನೆರಳಿನಿಂದ ಗಿರಿಯ ಮಂಜಿನವರೆಗೆ

ಹಾಸನದಲ್ಲಿ ಹೊಸದಾಗಿ ಕ್ಯಾಮೆರಾ ಕೊಂಡವರು, ಚಿಕ್ಕಮಗಳೂರು ಸುತ್ತಿ ಬಂದವರು, ಹೋಂಸ್ಟೇ ನಡೆಸುವವರು, ಎಲ್ಲರೂ ಕೇಳುವುದು ಒಂದೇ: "ಎಚ್‌ಡಿಆರ್ ಆನ್ ಇಡಬೇಕಾ, ಆಫ್ ಇಡಬೇಕಾ?" ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್) ಅಂದರೆ ಬೇರೆ ಬೇರೆ ಬೆಳಕಿನಲ್ಲಿ ತೆಗೆದ ಹಲವು ಚಿತ್ರಗಳನ್ನು ಒಂದಾಗಿ ಸೇರಿಸುವುದು. ಬೇಲೂರಿನ ದೇವಸ್ಥಾನದ ನವರಂಗದ (ಒಳಗಿನ ಕಂಬಗಳ ಮಂಟಪದ) ಬಾಗಿಲಲ್ಲಿ ಅದು ಬೇಕು. ಮುಳ್ಳಯ್ಯನಗಿರಿಯ ಮಂಜಿನಲ್ಲಿ ಬೇಡ. ಹಳೇಬೀಡಿನ ಗೋಡೆಯ ಮುಂದೆ ಬಹುತೇಕ ಬೇಡ. ಯಾಕೆ ಅಂತ ಮೊದಲು ನೋಡೋಣ, ಹೇಗೆ ಅಂತ ಆಮೇಲೆ.

ಮೊದಲು ನಾಲ್ಕು ಪದ

ಕಣ್ಣೆದುರಿನ ನೋಟದಲ್ಲಿ ಅತಿ ಕತ್ತಲಿರುವ ಜಾಗಕ್ಕೂ ಅತಿ ಬೆಳಕಿರುವ ಜಾಗಕ್ಕೂ ಇರುವ ಅಂತರವೇ ಡೈನಾಮಿಕ್ ರೇಂಜ್. ಬೆಳಕಿನ ಹರವು ಅನ್ನೋಣ. ಇದನ್ನು ಅಳೆಯುವುದು ಸ್ಟಾಪ್ ಲೆಕ್ಕದಲ್ಲಿ. ಒಂದು ಸ್ಟಾಪ್ ಏರಿದರೆ ಬೆಳಕು ಎರಡು ಪಟ್ಟು, ಎರಡು ಸ್ಟಾಪ್ ಏರಿದರೆ ನಾಲ್ಕು ಪಟ್ಟು. ಹತ್ತು ಸ್ಟಾಪ್ ಆಗುವಷ್ಟರಲ್ಲಿ 1,024 ಪಟ್ಟು.

ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೆಳಕಿನ ಅಳತೆ) ಇರುತ್ತದೆ. ದೇವಸ್ಥಾನದ ಒಳಗಿನ ಮೂಲೆಯಲ್ಲಿ 10 ಲಕ್ಸ್ ಇದೆ ಅಂತ ಇಟ್ಟುಕೊಳ್ಳಿ. 10,000 ಪಟ್ಟು ವ್ಯತ್ಯಾಸ. ಸ್ಟಾಪ್ ಲೆಕ್ಕದಲ್ಲಿ 13ಕ್ಕಿಂತ ಸ್ವಲ್ಪ ಜಾಸ್ತಿ. ಒಳಗಿನ ಕಲ್ಲು ಕಪ್ಪು, ಹೊರಗೆ ನಿಂತವರ ಪಂಚೆ ಬಿಳಿ, ಅದರ ವ್ಯತ್ಯಾಸ ಬೇರೆ ಸೇರುತ್ತದೆ. ಇವತ್ತಿನ ಒಳ್ಳೆಯ ಕ್ಯಾಮೆರಾದ ರಾ ಫೈಲ್ ಹಿಡಿಯುವುದು ಸುಮಾರು 12ರಿಂದ 14 ಸ್ಟಾಪ್. ಅಲ್ಲಿಗೆ ಒಂದೇ ಚಿತ್ರದಲ್ಲಿ ಎರಡೂ ಸಿಗಲ್ಲ ಅಂತ ಆಯ್ತಲ್ಲ.

ರಾ ಫೈಲ್ ಅಂದರೆ ಸೆನ್ಸರ್ ಕಂಡದ್ದನ್ನು ಬೇಯಿಸದೆ ಹಾಗೇ ಇಟ್ಟ ಸಾಮಾನು. ಜೆಪೆಗ್ ಅಂದರೆ ಕ್ಯಾಮೆರಾ ತಾನೇ ಅಡುಗೆ ಮಾಡಿ ಬಡಿಸಿದ್ದು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಫೈಲ್‌ನಲ್ಲಿ 16,384. ಆಮೇಲೆ ನೆರಳನ್ನು ಎತ್ತಬೇಕಾದರೆ ಈ ಮೆಟ್ಟಿಲುಗಳೇ ಗತಿ.

ಎಚ್‌ಡಿಆರ್ ಮಾಡುವುದು ಇಷ್ಟೇ: ಅದೇ ನೋಟವನ್ನು ಕಡಿಮೆ ಬೆಳಕು, ಮಧ್ಯಮ, ಜಾಸ್ತಿ ಬೆಳಕು ಹೀಗೆ ಹಲವು ಸಲ ತೆಗೆದು, ಒಂದೊಂದರಲ್ಲೂ ಚೆನ್ನಾಗಿ ಬಂದ ಭಾಗವನ್ನು ಸೇರಿಸುವುದು. ಹೀಗೆ ಬೇರೆ ಬೇರೆ ಬೆಳಕಿನಲ್ಲಿ ತೆಗೆಯುವುದಕ್ಕೆ ಬ್ರಾಕೆಟಿಂಗ್ ಅನ್ನುತ್ತಾರೆ. ಸೇರಿಸಿದ ಅಗಾಧ ಹರವನ್ನು ನಮ್ಮ ಪರದೆ ತೋರಿಸುವಷ್ಟಕ್ಕೆ ಇಳಿಸುವುದಕ್ಕೆ ಟೋನ್ ಮ್ಯಾಪಿಂಗ್ ಅನ್ನುತ್ತಾರೆ. ಚಿತ್ರ ಕೆಡುವುದು ಬಹುಪಾಲು ಈ ಎರಡನೆಯದರಲ್ಲಿ.

ಇದೇನು ಕಂಪ್ಯೂಟರ್ ಕಾಲದ ಹುಚ್ಚಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೆ ಒಂದು ನೆಗೆಟಿವ್, ಆಕಾಶಕ್ಕೆ ಇನ್ನೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಪ್ರಿಂಟ್‌ಗೆ ಇಳಿಸಿದ್ದ. ಬೇರೆ ಬೇರೆ ಎಕ್ಸ್‌ಪೋಶರ್‌ನ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣದ) ಚಿತ್ರಗಳಿಂದ ನಿಜವಾದ ಬೆಳಕಿನ ಲೆಕ್ಕ ತೆಗೆಯುವ ವಿಧಾನವನ್ನು ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ಪ್ರಕಟಿಸಿದರು. 2010ರಲ್ಲಿ ಐಫೋನ್‌ಗೆ ಎಚ್‌ಡಿಆರ್ ಬಂತು. ಆಮೇಲೆ ಎಲ್ಲರ ಜೇಬಿಗೂ ಬಂತು.

ಟಿವಿ ಡಬ್ಬದ ಮೇಲೆ ಬರೆದಿರುವ ಎಚ್‌ಡಿಆರ್ ಬೇರೆ. ಅದು ಪರದೆ ಎಷ್ಟು ಪ್ರಖರವಾಗಿ ತೋರಿಸಬಲ್ಲದು ಅನ್ನುವ ಮಾತು. ಇಲ್ಲಿ ಆ ವಿಷಯ ಇಲ್ಲ.

1. ಬೇಕಾ ಅಂತ ಮೊದಲು ಕೇಳಿಕೊಳ್ಳಿ

ಎಲ್ಲರೂ ದಾಟಿ ಹೋಗುವ ಹಂತ ಇದು. ಪರೀಕ್ಷೆ ಸುಲಭ. ಒಂದು ಚಿತ್ರ ತೆಗೆಯಿರಿ, ಹಿಸ್ಟೋಗ್ರಾಮ್ ನೋಡಿ. ಹಿಸ್ಟೋಗ್ರಾಮ್ ಅಂದರೆ ಕ್ಯಾಮೆರಾ ಪರದೆಯಲ್ಲಿ ಬೆಟ್ಟದ ಸಾಲಿನ ಹಾಗೆ ಕಾಣುವ ಸಣ್ಣ ನಕ್ಷೆ. ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು. ಬೆಟ್ಟ ಎರಡೂ ಗೋಡೆಗೆ ತಾಗದೆ ನಡುವೆ ಕೂತಿದ್ದರೆ ಒಂದೇ ರಾ ಫೈಲ್ ಸಾಕು. ಬಲಗೋಡೆಗೆ ಅಂಟಿದ್ದರೆ ಎಕ್ಸ್‌ಪೋಶರ್ ಒಂದೆರಡು ಸ್ಟಾಪ್ ಇಳಿಸಿ ಇನ್ನೊಮ್ಮೆ ನೋಡಿ. ಈಗ ಎಡಗೋಡೆಗೆ ಹೋಗಿ ಗುಡ್ಡೆ ಬಿದ್ದರೆ ಮಾತ್ರ ಎಚ್‌ಡಿಆರ್ ಯೋಚನೆ ಮಾಡಿ.

ನಮ್ಮ ಸುತ್ತಲಿನ ಜಾಗಗಳನ್ನೇ ತೆಗೆದುಕೊಳ್ಳಿ.

ಬೇಲೂರು ಚೆನ್ನಕೇಶವ ದೇವಸ್ಥಾನ. ಹೊರಗೆ ಅಂಗಳದ ಕಲ್ಲು ಹಾಸು ಬಿಸಿಲಿಗೆ ಕಾದು ಅಂಗಾಲು ಸುಡುತ್ತಿರುತ್ತದೆ. ಹೊಸ್ತಿಲು ದಾಟಿದರೆ ಕತ್ತಲು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದಾಗ ನವರಂಗ ತೆರೆದೇ ಇತ್ತು. ಸುತ್ತಲೂ ಜಾಲಂಧ್ರಗಳು (ಕಲ್ಲಿನ ಜಾಲರಿ ಕಿಟಕಿಗಳು) ಬಂದದ್ದು ವೀರ ಬಲ್ಲಾಳನ ಕಾಲಕ್ಕೆ. ಈಗ ಒಳಗಿನ ನುಣುಪು ಕಂಬಗಳ ಉಂಗುರ ಉಂಗುರವಾದ ಅಂಚಿನ ಮೇಲೆ ಬಾಗಿಲಿನ ಬೆಳಕು ಸಣ್ಣ ಗೆರೆಯಾಗಿ ಹೊಳೆಯುತ್ತದೆ, ಉಳಿದದ್ದು ಕಪ್ಪಾಗಿ ಹಿಂದೆ ಸರಿಯುತ್ತದೆ. ಕಂಬವೂ ಬೇಕು, ಬಾಗಿಲಾಚೆಯ ಅಂಗಳವೂ ಬೇಕು ಅಂದರೆ ಎಚ್‌ಡಿಆರ್ ಬಿಟ್ಟು ಬೇರೆ ದಾರಿ ಇಲ್ಲ. ಬರೀ ಕಂಬ ಸಾಕು ಅಂದರೆ ಬಾಗಿಲಿಗೆ ಬೆನ್ನು ಹಾಕಿ ಒಂದೇ ಚಿತ್ರ ತೆಗೆಯಿರಿ. ಹೊರಗಿನ ಸೂರಿನ ಕೆಳಗೆ ಇರುವ ಮದನಿಕೆಯರೂ ಹೀಗೇ. ಮುಖ ನೆರಳಲ್ಲಿ, ಹಿಂದೆ ಬೆಳ್ಳಗೆ ಆಕಾಶ. ಮೂರು ಚಿತ್ರ ಸೇರಿಸಿದರೆ ಸಾಕಾಗುತ್ತದೆ.

ಹಳೇಬೀಡಿನ ಹೊಯ್ಸಳೇಶ್ವರದ ಹೊರಗೋಡೆಯಲ್ಲಿ ಲೆಕ್ಕ ಉಲ್ಟಾ. ಕೆಳಗಿನ ಪಟ್ಟಿಯ ಆನೆಗಳು, ಅದರ ಮೇಲಿನ ಸಿಂಹಗಳು ನಿಮಗೆ ಉಬ್ಬಿ ಕಾಣುವುದೇ ಒಂದೊಂದರ ಪಕ್ಕ ಬೀಳುವ ನೆರಳಿನಿಂದ. ಬೆಳಗಿನ ಓರೆ ಬಿಸಿಲಲ್ಲಿ ಆನೆಯ ಸೊಂಡಿಲಿನ ಕೆಳಗೆ ದಾರದಷ್ಟು ತೆಳ್ಳಗೆ ಕಪ್ಪು ಗೆರೆ ಬೀಳುತ್ತದೆ. ಎಚ್‌ಡಿಆರ್ ಮೊದಲು ಅಳಿಸುವುದು ಅದನ್ನೇ. ಬಳಪದ ಕಲ್ಲಿನಲ್ಲಿ ಶಿಲ್ಪಿ ಅಷ್ಟು ಆಳ ಕೊರೆದದ್ದನ್ನು ನಾವು ಒಂದು ಸ್ಲೈಡರ್ ಎಳೆದು ಚಪ್ಪಟೆ ಮಾಡಿದ ಹಾಗೆ. ಇಲ್ಲಿ ಎಚ್‌ಡಿಆರ್ ಬದಲು ಬೇಗ ಎದ್ದು ಹೋಗಿ.

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಯ ಮಂಜು. ಮಂಜಿನಲ್ಲಿ ಬೆಳಕಿನ ಹರವೇ ಕಡಿಮೆ. ಹಿಸ್ಟೋಗ್ರಾಮ್ ನಡುವೆ ಸಣ್ಣ ಗುಡ್ಡದ ಹಾಗೆ ಮುದುಡಿ ಕೂತಿರುತ್ತದೆ. ಸೇರಿಸಲು ಏನೂ ಇಲ್ಲ. ಹಟ ಹಿಡಿದು ಸೇರಿಸಿದರೆ ತಂತ್ರಾಂಶ ಇಲ್ಲದ ಅಂಚುಗಳನ್ನು ಹುಡುಕಿ ಎಳೆಯುತ್ತದೆ. ಮಂಜು ಹೊಗೆಯ ಹಾಗೆ ಕೊಳಕಾಗುತ್ತದೆ. ಅದೇ ಗಿರಿಯಲ್ಲಿ ಸೂರ್ಯ ಹುಟ್ಟುವಾಗ ಆಕಾಶ ಕೆಂಪು, ಮುಂದಿನ ಹುಲ್ಲು ಕಪ್ಪು ಇದ್ದರೆ ಎರಡು ಮೂರು ಚಿತ್ರ ತೆಗೆದಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

ಕಾಫಿ ತೋಟ ಕಷ್ಟದ ಕೇಸು. ಸಿಲ್ವರ್ ಮರದ ಎಲೆಗಳ ಸಂದಿಯಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಹರವು ದೊಡ್ಡದು, ಆದರೆ ಯಾವ ಎಲೆಯೂ ಸುಮ್ನೆ ನಿಲ್ಲಲ್ಲ. ಹೂಮಳೆ ಬಿದ್ದು ಗಿಡವೆಲ್ಲ ಬೆಳ್ಳಗಾದಾಗ ಬಿಸಿಲು ಬಿದ್ದ ಹೂವು ಮೊದಲು ಸುಟ್ಟು ಬಿಳಿಯಾಗುತ್ತದೆ. ಮೋಡ ಬರುವವರೆಗೆ ಕಾಯಿರಿ ಅನ್ನುವುದೇ ನನ್ನ ಸಲಹೆ. ಮೋಡ ಮಾಡುವ ಕೆಲಸವನ್ನು ಯಾವ ತಂತ್ರಾಂಶವೂ ಅಷ್ಟು ಚೆನ್ನಾಗಿ ಮಾಡಲ್ಲ.

2. ಬೇಕಾದ ಸಾಮಾನು

ಬ್ರಾಕೆಟಿಂಗ್ ಇರುವ ಕ್ಯಾಮೆರಾ (ಮೆನುವಿನಲ್ಲಿ ಎಇಬಿ ಅಂತ ಇರಬಹುದು), ಅಲುಗದ ಟ್ರೈಪಾಡ್, ಖಾಲಿ ಇರುವ ಕಾರ್ಡ್. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ 25ರಿಂದ 30 ಎಂಬಿ ಆಗಬಹುದು. ಒಂದು ನೋಟಕ್ಕೆ ಏಳು ಚಿತ್ರ ತೆಗೆದರೆ ಹತ್ತಿರ ಹತ್ತಿರ 200 ಎಂಬಿ. ಎಚ್‌ಡಿಆರ್‌ನ ಒಂದು ತೊಂದರೆ ಇದೇ. ಜಾಗ ತಿನ್ನುತ್ತದೆ, ಸಮಯ ತಿನ್ನುತ್ತದೆ.

ಎಚ್ಚರಿಕೆ: ಬೇಲೂರು, ಹಳೇಬೀಡು ಎರಡೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಟ್ರೈಪಾಡ್ ಹಿಡಿದು ನೇರ ಒಳಗೆ ನುಗ್ಗಬೇಡಿ, ಮೊದಲೇ ಕೇಳಿ ಅನುಮತಿ ಪಡೆಯಿರಿ. ಬೇಲೂರಿನಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ. ಗರ್ಭಗುಡಿಯ ಕಡೆ ಕ್ಯಾಮೆರಾ ಎತ್ತಬೇಡಿ. ಟ್ರೈಪಾಡ್ ಬೇಡ ಅಂದರೆ 4ನೇ ಹಂತದ ಕೊನೆಯಲ್ಲಿ ದಾರಿ ಇದೆ.

3. ಕ್ಯಾಮೆರಾ ಹೊಂದಿಸಿ

ಎಲ್ಲ ಚಿತ್ರಗಳಲ್ಲೂ ಬದಲಾಗಬೇಕಾದದ್ದು ಶಟರ್ ವೇಗ, ಅಂದರೆ ಸೆನ್ಸರ್ ಮೇಲೆ ಬೆಳಕು ಬೀಳುವ ಸಮಯ, ಒಂದೇ. ಉಳಿದದ್ದೆಲ್ಲ ಕಟ್ಟಿಹಾಕಿ.

ಅಪರ್ಚರ್ ಎಫ್ 8ಕ್ಕೆ ನಿಲ್ಲಿಸಿ. ಅಪರ್ಚರ್ ಅಂದರೆ ಲೆನ್ಸಿನ ಕಿಂಡಿ. ಅದು ಬದಲಾದರೆ ಹಿಂದು ಮುಂದಿನ ಸ್ಪಷ್ಟತೆಯೂ ಬದಲಾಗುತ್ತದೆ, ಚಿತ್ರಗಳು ಒಂದರ ಮೇಲೊಂದು ಕೂರಲ್ಲ. ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರ್ ತೋರಿಸುವ ಚುರುಕು, 100ಕ್ಕೆ ಇಡಿ. ಆಟೋ ಐಎಸ್‌ಒ ಆಫ್ ಮಾಡಿ. ಇದನ್ನು ಮರೆತರೆ ನೀವು ಶಟರ್ ವೇಗ ಏರಿಸಿದಾಗ ಕ್ಯಾಮೆರಾ ಹಿಂದಿನಿಂದ ಐಎಸ್‌ಒ ಏರಿಸಿ ಎಲ್ಲ ಚಿತ್ರವನ್ನೂ ಒಂದೇ ಥರ ಮಾಡಿಬಿಡುತ್ತದೆ. ಮನೆಗೆ ಬಂದು ನೋಡಿದಾಗ ಐದು ಒಂದೇ ಥರದ ಚಿತ್ರ. ನನಗೆ ಶೆಟ್ಟಿಹಳ್ಳಿಯ ಪಾಳು ಚರ್ಚಿನಲ್ಲಿ ಹೀಗೆ ಒಂದು ಇಡೀ ಬೆಳಗು ಹೋಗಿದೆ.

ಫೋಕಸ್ ಒಮ್ಮೆ ಮಾಡಿ ಮ್ಯಾನುಯಲ್‌ಗೆ ತಿರುಗಿಸಿ. ವೈಟ್ ಬ್ಯಾಲೆನ್ಸ್ ಅಂದರೆ ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಿಕೆ, ಅದನ್ನೂ ಆಟೋದಿಂದ ತೆಗೆಯಿರಿ. ಟ್ರೈಪಾಡ್ ಮೇಲೆ ಇದ್ದಾಗ ಹಳೆಯ ಲೆನ್ಸುಗಳ ನಡುಕ ತಡೆ ಸ್ವಿಚ್ ಆಫ್ ಮಾಡುವುದು ಒಳ್ಳೆಯದು. ಬೆರಳಿನಿಂದ ಒತ್ತುವ ಬದಲು 2 ಸೆಕೆಂಡಿನ ಟೈಮರ್ ಹಾಕಿ.

4. ಚಿತ್ರ ತೆಗೆಯಿರಿ

ಮೊದಲು ಬೆಳಕಿನ ತುದಿ ಹುಡುಕಿ. ಬೇಲೂರಿನ ಬಾಗಿಲಾಚೆಯ ಬಿಸಿಲು ಸುಟ್ಟುಹೋಗದಂತೆ ಶಟರ್ ವೇಗ ಏರಿಸುತ್ತಾ ಹೋಗಿ. ಹಿಸ್ಟೋಗ್ರಾಮ್ ಬಲಗೋಡೆಯಿಂದ ಬಿಡಿಸಿಕೊಂಡರೆ ಅದೇ ಮೊದಲ ಚಿತ್ರ. ಎಫ್ 8, ಐಎಸ್‌ಒ 100ರಲ್ಲಿ ಅದು 1/500 ಸೆಕೆಂಡಿನ ಆಸುಪಾಸು ಇರುತ್ತದೆ. ಅಲ್ಲಿಂದ ಎರಡೆರಡು ಸ್ಟಾಪ್ ಇಳಿಯಿರಿ: 1/500, 1/125, 1/30, 1/8, 1/2, 2 ಸೆಕೆಂಡ್. ಆರು ಚಿತ್ರ, ಮೊದಲಿನದಕ್ಕೂ ಕೊನೆಯದಕ್ಕೂ 10 ಸ್ಟಾಪ್ ಅಂತರ. ಕೊನೆಯ ಚಿತ್ರದಲ್ಲಿ ಬಾಗಿಲು ಪೂರ್ತಿ ಬಿಳಿಯಾಗಿರುತ್ತದೆ, ಅದರ ಚಿಂತೆ ಬೇಡ. ಕಂಬದ ಬುಡದ ಕೆತ್ತನೆ ಕಾಣುತ್ತಾ, ಹಿಸ್ಟೋಗ್ರಾಮ್ ಎಡಗೋಡೆ ಬಿಟ್ಟಿದೆಯಾ, ಅಷ್ಟು ನೋಡಿ. ಬಿಟ್ಟಿಲ್ಲ ಅಂದರೆ 8 ಸೆಕೆಂಡಿನದ್ದು ಇನ್ನೊಂದು.

ಕ್ಯಾಮೆರಾದಲ್ಲಿ ಮೂರೇ ಚಿತ್ರದ ಬ್ರಾಕೆಟಿಂಗ್ ಇದ್ದರೆ ಎರಡು ಸಲ ಮಾಡಿ. ನಡುವಿನ ಚಿತ್ರಕ್ಕೆ ಒಮ್ಮೆ 1/125, ಇನ್ನೊಮ್ಮೆ 1/2 ಇಟ್ಟರೆ ಇದೇ ಆರು ಸಿಗುತ್ತವೆ. ಹೊರಗಡೆಯ ಸಾಮಾನ್ಯ ನೋಟಕ್ಕೆ ಇಷ್ಟೆಲ್ಲ ಬೇಡ. ಎರಡು ಸ್ಟಾಪ್ ಅಂತರದ ಮೂರು ಚಿತ್ರ ಸಾಕು. ಜಾಸ್ತಿ ತೆಗೆದರೆ ಜಾಸ್ತಿ ಚೆನ್ನಾಗಿ ಬರುತ್ತದೆ ಅಂತೇನಿಲ್ಲ.

ಚಿಕ್ಕ ಉಪಾಯ: ಒಂದೊಂದು ಸೆಟ್ ಶುರು ಮಾಡುವ ಮೊದಲು ಲೆನ್ಸಿನ ಮುಂದೆ ಅಂಗೈ ಹಿಡಿದು ಒಂದು ಚಿತ್ರ ತೆಗೆಯಿರಿ. ಆಮೇಲೆ 120 ಫೈಲ್‌ಗಳ ನಡುವೆ ಯಾವ ಸೆಟ್ ಎಲ್ಲಿ ಶುರುವಾಯ್ತು ಅಂತ ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಅಲುಗುವ ವಸ್ತುಗಳೇ ಇಲ್ಲಿನ ದೊಡ್ಡ ಗುಂಡಿ. ಒಂದು ಚಿತ್ರದಲ್ಲಿ ಇಲ್ಲಿ ನಿಂತವರು ಇನ್ನೊಂದರಲ್ಲಿ ಅಲ್ಲಿರುತ್ತಾರೆ, ಸೇರಿಸಿದಾಗ ಅರ್ಧ ಮನುಷ್ಯ ಬರುತ್ತಾನೆ. ಇದಕ್ಕೆ ಗೋಸ್ಟಿಂಗ್, ಅಂದರೆ ದೆವ್ವದ ಕಾಟ, ಅನ್ನುತ್ತಾರೆ. ಶೆಟ್ಟಿಹಳ್ಳಿಯ ಚರ್ಚಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಛಾವಣಿ ಹೋಗಿ ಕಮಾನುಗಳು ಮಾತ್ರ ಉಳಿದ ಕಟ್ಟಡ. ಕಮಾನಿನ ಒಳಮೈ ಕಪ್ಪು, ಮೇಲೆ ತೆರೆದ ಆಕಾಶ, ಎಚ್‌ಡಿಆರ್‌ಗೆ ಹೇಳಿ ಮಾಡಿಸಿದ ನೋಟ. ಆದರೆ ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ತುಂಬಿ ಚರ್ಚಿನ ಗೋಡೆ ಮುಟ್ಟಿದಾಗ ಅಲೆ, ಹಕ್ಕಿ, ತೆಪ್ಪ ಎಲ್ಲವೂ ಚಲಿಸುತ್ತವೆ. ಗಾಳಿ ಇಲ್ಲದ ಬೆಳಗಿನ ಹೊತ್ತು ಹೋಗಿ. ನೀರನ್ನು ಒಂದೇ ಚಿತ್ರದಿಂದ ತೆಗೆದುಕೊಂಡು, ಕಮಾನಿಗೆ ಮಾತ್ರ ಸೇರಿಸಿದ ಚಿತ್ರ ಬಳಸುವುದು ಇನ್ನೂ ಒಳ್ಳೆಯದು.

ಟ್ರೈಪಾಡ್ ಇಲ್ಲದವರು ಕಂಬಕ್ಕೋ ಗೋಡೆಗೋ ಒರಗಿ (ಕೆತ್ತನೆ ಇರುವ ಕಡೆ ಬೇಡ), ಮೊಣಕೈ ಪಕ್ಕೆಗೆ ಒತ್ತಿ, ಒಂದೇ ಸಮ ಒತ್ತಿ ಮೂರು ಚಿತ್ರ ಬೇಗ ಬೇಗ ಹೊಡೆಯುವ ಮೋಡ್ ಬಳಸಿ. ಅತಿ ನಿಧಾನದ ಚಿತ್ರವೂ 1/60 ಸೆಕೆಂಡಿಗಿಂತ ಕೆಳಗೆ ಇಳಿಯದಂತೆ ಐಎಸ್‌ಒ ಏರಿಸಿ, ಏರಿಸಿದ್ದನ್ನು ಅಲ್ಲೇ ಕಟ್ಟಿಹಾಕಿ. ಕತ್ತಲ ನವರಂಗದಲ್ಲಿ ಇದು ನಡೆಯಲ್ಲ. ಮದನಿಕೆಗೆ ನಡೆಯುತ್ತದೆ.

5. ಸೇರಿಸಿ

ಲೈಟ್‌ರೂಮ್ ತಂತ್ರಾಂಶ ಇದ್ದರೆ ಸೆಟ್ ಆರಿಸಿ ಫೋಟೋ ಮರ್ಜ್‌ನಲ್ಲಿ ಎಚ್‌ಡಿಆರ್ ಒತ್ತಿ. ದುಡ್ಡು ಕೊಡದೆ ಆಗಬೇಕು ಅಂದರೆ ಲ್ಯೂಮಿನೆನ್ಸ್ ಎಚ್‌ಡಿಆರ್ ಇದೆ, ಹುಗಿನ್ ಜೊತೆ ಬರುವ ಎನ್‌ಫ್ಯೂಸ್ ಇದೆ. ಎನ್‌ಫ್ಯೂಸ್ ಮಾಡುವುದು ಎಕ್ಸ್‌ಪೋಶರ್ ಫ್ಯೂಶನ್. ಟೋನ್ ಮ್ಯಾಪಿಂಗ್‌ನ ರಗಳೆ ಇಲ್ಲದೆ ಒಂದೊಂದು ಚಿತ್ರದ ಚೆನ್ನಾದ ಭಾಗವನ್ನು ನೇರವಾಗಿ ಬೆರೆಸುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ, ಕೆಡಿಸುವ ಸ್ಲೈಡರ್‌ಗಳು ಕಡಿಮೆ.

ಡೀಗೋಸ್ಟ್ ಅನ್ನುವ ಆಯ್ಕೆಯನ್ನು ಯಾರೂ ಅಲುಗದ ಚಿತ್ರಕ್ಕೆ ಹಾಕಬೇಡಿ. ಅದು ಆ ಭಾಗಕ್ಕೆ ಒಂದೇ ಚಿತ್ರ ಬಳಸುತ್ತದೆ, ಹಾಗಾಗಿ ಅಲ್ಲಿ ಕಾಳು ಕಾಳು (ನಾಯ್ಸ್) ಜಾಸ್ತಿಯಾಗಬಹುದು.

ಮೊಬೈಲ್ ಆ್ಯಪ್‌ಗಳಲ್ಲಿ ಎಚ್‌ಡಿಆರ್ ಹೆಸರಿನ ಫಿಲ್ಟರ್ ಇರುತ್ತದೆ. ಸ್ನ್ಯಾಪ್‌ಸೀಡ್‌ನ ಎಚ್‌ಡಿಆರ್ ಸ್ಕೇಪ್ ಅಂಥದ್ದು. ಅದು ಒಂದೇ ಚಿತ್ರಕ್ಕೆ ಆ ಥರದ ಬಣ್ಣ ಬಳಿಯುತ್ತದೆ ಅಷ್ಟೆ. ಸುಟ್ಟುಹೋದ ಆಕಾಶವನ್ನು ವಾಪಸ್ ತರಲ್ಲ.

6. ಕೈ ಬಿಗಿ ಹಿಡಿದು ಸರಿಪಡಿಸಿ

ನನ್ನ ಮೊದಲ ಎಚ್‌ಡಿಆರ್ ಚಿತ್ರ ನೋಡಿ ಮನೆಯಲ್ಲಿ ಅತ್ತೆ ಕೇಳಿದ್ದು, "ಇದೇನು ಕ್ಯಾಲೆಂಡರ್‌ದಾ?" ಅಂತ. ಸರಿಯಾಗೇ ಕೇಳಿದ್ದರು. ಕಂಬ ಪ್ಲಾಸ್ಟಿಕ್ ಥರ ಇತ್ತು, ಮೋಡ ಉಜ್ಜಿದ ಪಾತ್ರೆಯ ಥರ ಇತ್ತು.

ಕೆಟ್ಟಿದೆಯಾ ಅಂತ ಹೀಗೆ ನೋಡಿ. ಗೋಪುರದ ಅಂಚಿನ ಸುತ್ತ ಬೆಳ್ಳನೆಯ ಪ್ರಭಾವಳಿ ಬಂದಿದೆಯಾ? ಅದು ಹೇಲೋ, ಸ್ಥಳೀಯ ಕಾಂಟ್ರಾಸ್ಟ್ (ಅಕ್ಕಪಕ್ಕದ ಕಪ್ಪು ಬಿಳುಪಿನ ಅಂತರ) ಜಾಸ್ತಿ ಎಳೆದದ್ದರ ಗುರುತು. ಬಿಳಿ ಮೋಡದ ಹೊಟ್ಟೆ ಬೂದಿ ಬಣ್ಣಕ್ಕೆ ತಿರುಗಿದೆಯಾ? ಹುಲ್ಲು ವಿಷದ ಹಸಿರಾಗಿದೆಯಾ? ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿನ ಕಂಬ ಹೊರಗಿನ ಬಿಸಿಲಿಗಿಂತ ಬೆಳ್ಳಗೆ ಕಾಣುತ್ತಿದೆಯಾ? ಹಾಗಿದ್ದರೆ ಸುಳ್ಳು ಹೇಳಿದ ಹಾಗಾಯ್ತು. ಬೆಳಕು ಬರುತ್ತಿರುವುದು ಬಾಗಿಲಿನಿಂದ, ಬಾಗಿಲೇ ಜಾಸ್ತಿ ಬೆಳ್ಳಗಿರಬೇಕು.

ನಾನು ಮಾಡುವ ಕ್ರಮ ಇದು. ಹೈಲೈಟ್ ಇಳಿಸುತ್ತೇನೆ, ಶ್ಯಾಡೋ ಸ್ವಲ್ಪ ಎತ್ತುತ್ತೇನೆ, ಆಮೇಲೆ ಬ್ಲ್ಯಾಕ್ಸ್ ಸ್ಲೈಡರ್ ಕೆಳಗೆಳೆದು ಒಂದೆರಡು ಮೂಲೆಯನ್ನು ಮತ್ತೆ ಕಪ್ಪು ಮಾಡುತ್ತೇನೆ. ಇಷ್ಟೆಲ್ಲ ಕಷ್ಟಪಟ್ಟು ಕತ್ತಲಲ್ಲಿ ವಿವರ ತೆಗೆದು ಮತ್ತೆ ಕತ್ತಲು ಮಾಡುವುದಾ ಅನ್ನಬೇಡಿ. ಬೇಲೂರಿನ ಕಂಬ ಹೊಳೆಯುವುದು ಹಿಂದೆ ಕಪ್ಪಿದ್ದಾಗಲೇ. ಎಚ್‌ಡಿಆರ್‌ನ ನಿಜವಾದ ಲಾಭ ಎಲ್ಲವನ್ನೂ ತೋರಿಸುವುದರಲ್ಲಿಲ್ಲ. ಎಲ್ಲಿ ಎಷ್ಟು ಕಪ್ಪು ಇರಲಿ ಅಂತ ನೀವು ತೀರ್ಮಾನ ಮಾಡಬಹುದು, ಒಂದೇ ಚಿತ್ರದ ನೆರಳನ್ನು ಎಳೆದಾಗ ಬರುವ ಕಾಳೂ ಇರಲ್ಲ.

7. ಮೊಬೈಲ್‌ನಲ್ಲಿ ತೆಗೆಯುವವರಿಗೆ

ಈಗಿನ ಫೋನುಗಳು ಬಟನ್ ಒತ್ತಿದಾಗ ತಾವಾಗಿಯೇ ಹಲವು ಚಿತ್ರ ತೆಗೆದು ಸೇರಿಸುತ್ತವೆ. ಆಟೋದಲ್ಲೇ ಬಿಡಿ. ಚಿತ್ರ ಮುಗಿಯುವವರೆಗೆ ಕೈ ಅಲುಗಿಸಬೇಡಿ. ಫೋನು ನೆರಳನ್ನು ಅತಿಯಾಗಿ ಎತ್ತಿದೆ ಅನ್ನಿಸಿದರೆ ಪರದೆಯಲ್ಲಿ ಬೆಳಕಿನ ಜಾಗ ಮುಟ್ಟಿ, ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಓಡುವ ಮಕ್ಕಳು, ಜಾತ್ರೆಯ ತೇರು ತೆಗೆಯುವಾಗ ಎಚ್‌ಡಿಆರ್ ಆಫ್ ಮಾಡುವ ಆಯ್ಕೆ ಇದ್ದರೆ ಮಾಡಿ.

8. ಹೋಂಸ್ಟೇ ಕೋಣೆ ತೆಗೆಯುವವರಿಗೆ

ಕೋಣೆಯೂ ಕಾಣಬೇಕು, ಕಿಟಕಿಯಾಚೆಯ ತೋಟವೂ ಕಾಣಬೇಕು. ಎಚ್‌ಡಿಆರ್ ನಿಜಕ್ಕೂ ಹೊಟ್ಟೆ ತುಂಬಿಸುವ ಕೆಲಸ ಇದು. ಏನೂ ಅಲುಗಲ್ಲ, ಟ್ರೈಪಾಡ್‌ಗೆ ಯಾರನ್ನೂ ಕೇಳಬೇಕಾಗಿಲ್ಲ. ಫ್ಯಾನ್ ಆಫ್ ಮಾಡಿ, ಪರದೆ ಕಟ್ಟಿ. ಹಳದಿ ಬಲ್ಬು ಆರಿಸಿ. ಕಿಟಕಿಯ ಬೆಳಕು ನೀಲಿ, ಬಲ್ಬಿನದು ಹಳದಿ, ಎರಡೂ ಸೇರಿದರೆ ರೆಡ್ ಆಕ್ಸೈಡ್ ನೆಲ ಒಂದು ಕಡೆ ಕಿತ್ತಳೆ, ಇನ್ನೊಂದು ಕಡೆ ನೇರಳೆ ಆಗುತ್ತದೆ. ತೊಟ್ಟಿ ಮನೆಯಾದರೆ ತೊಟ್ಟಿಯ ಮೇಲೆ ನೇರ ಬಿಸಿಲು ಬೀಳದ ಹೊತ್ತು ಆರಿಸಿ.

ಇದಕ್ಕಿಂತ ಸುಲಭದ ದಾರಿಯೂ ಇದೆ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷಕ್ಕೆ ಹೊರಗಿನ ಬೆಳಕು ಇಳಿದು ಒಳಗಿನ ದೀಪಕ್ಕೆ ಸಮ ಬರುತ್ತದೆ. ಆಗ ಬಲ್ಬು ಹಾಕಿ. ಕಿಟಕಿಯಾಚೆ ನೀಲಿ, ಒಳಗೆ ಬೆಚ್ಚನೆಯ ಹಳದಿ, ಎರಡೂ ಒಂದೇ ಚಿತ್ರದಲ್ಲಿ ಸಿಗುತ್ತವೆ. ಹತ್ತು ನಿಮಿಷ ಮಾತ್ರ ಇರುತ್ತದೆ, ಟ್ರೈಪಾಡ್ ಮೊದಲೇ ಹೂಡಿ ಕಾಯುತ್ತಿರಿ.